ಮದ್ದೂರಿನಲ್ಲಿ ಉಜ್ಜಿಸಿದ ಪೆಟ್ಟಿಗೆ

೧೯೩೭ ಫೆಬ್ರವರಿ ೮, ಸೋಮವಾರ. ಮಂಡ್ಯ.

ಮೈಸೂರು ಸೀಮೆಯಲ್ಲಿ ನನ್ನ ಹಾಗೆ ಹಾರ್ಮೋನಿಯಂ ನುಡಿಸುವವನು ಇನ್ನೂ ಹುಟ್ಟಿಲ್ಲ. ಅರಮನೆಯಿಂದ ಎರಡು ಸಲ ಕಾರು ಬಂದಿತ್ತು. ಕಬ್ಬಿನ ನಾಟಿ ಇತ್ತು, ಹೋಗಲಿಲ್ಲ.

ಎಂದಿನಂತೆ ಮಧ್ಯಾಹ್ನ ಚಲುವಿಯ ಜೊತೆ ಕಾಲೇಜಿಗೆ. ಛತ್ರದ ಹಿಂದಿನ ಎರಡು ಕೋಣೆ — ಆದರೂ ಬೋರ್ಡಿನ ಮೇಲೆ ಸಂಗೀತ ಕಾಲೇಜು ಎಂದೇ ಇದೆ. ಚಲುವಿ ನನ್ನ ತಂಗಿ ದೇವಿರಮ್ಮನ ಮಗಳು. ಇವಳಪ್ಪ ಮಾದಯ್ಯ ನಮ್ಮ ನಾಟಕಗಳಿಗೆ ಪಿಟೀಲು ನುಡಿಸುತ್ತಿದ್ದ. ಅವನು ತೀರಿಕೊಂಡ ಮೇಲೆ ಪಿಟೀಲು ಇವಳ ಕೈಗೆ ಬಂತು. ಹೆಣ್ಣುಮಗಳನ್ನು ಒಂಟಿಯಾಗಿ ಕಳಿಸುವುದು ಹೇಗೆಂದು ನನ್ನನ್ನು ಹಲಗೂರಿನಿಂದ ಕರೆಸಿಕೊಂಡರು. ಜಗಲಿಯಲ್ಲಿ ಕೂತು ನೊಣ ಹೊಡೆಯುವ ಬದಲು ನಾನೂ ಸೇರಿಬಿಟ್ಟೆ. ವಯಸ್ಸು ನಲವತ್ತಾರು. ಮೂವತ್ತೆಂಟು ಎಂದು ಬರೆಸಿದ್ದೇನೆ.

ಇವತ್ತು ಲಕ್ಷಣ ಪಾಠ. ಮೇಳ, ಜನ್ಯ, ಆರೋಹಣ... ಹೇಳುತ್ತ ಹೇಳುತ್ತ ಪಾರ್ಥಸಾರಥಿ ಮೇಷ್ಟ್ರೇ ತೂಕಡಿಸಿದರು. ನನ್ನ ಹಾರ್ಮೋನಿಯಂ ಪೆಟ್ಟಿಗೆಯಲ್ಲಿ ಸಕ್ಕರೆ ಕಾರ್ಖಾನೆಯ ಕೂಗು ನುಡಿಸಿದೆ. ಐದಾಯಿತೆಂದು ಅರ್ಧ ಕ್ಲಾಸು ಎದ್ದು ಹೊರಟಿತು. ಮೇಷ್ಟ್ರೂ ಚಪ್ಪಲಿ ಹುಡುಕಿದರು!

"ನಿಂಗ್ ನಾಚ್ಕೆ ಅನ್ನೋದ್ ಇಲ್ವಾ ಮಾವ?" ಎಂದಳು ಚಲುವಿ ದಾರಿಯಲ್ಲಿ. ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು.

ಫೆಬ್ರವರಿ ೧೨

ಗೋಷ್ಠಿ ವಾದನ ಶುರು. ನಾಲ್ಕು ಜನ ಕೂಡಿ ನುಡಿಸಬೇಕು. ನಮ್ಮ ಗುಂಪಿನಲ್ಲಿ ಹಾಡುವುದಕ್ಕೆ ಅಮಲ್ದಾರರ ಸೊಸೆ ಪಂಕಜಮ್ಮ, ವೀಣೆಗೆ ಅವರ ನಾದಿನಿ ಕನಕಲಕ್ಷ್ಮಿ, ಪಿಟೀಲಿಗೆ ಚಲುವಿ. ಆಮೇಲೆ ನಾನು.

ನಾಟಕದಲ್ಲಿ ಪೆಟ್ಟಿಗೆ ಮುಂದೆ, ಲೋಕ ಹಿಂದೆ. ರಾಜನ ಪಾರ್ಟಿನವನೂ ನಾನು ಒತ್ತಿದ ಮನೆಗೇ ಗಂಟಲು ತರಬೇಕು. ಇಲ್ಲಿ ಹಾಗಲ್ಲವಂತೆ. ಹಾಡುವವರ ಶ್ರುತಿಗೆ ಎಲ್ಲರೂ. ಪಂಕಜಮ್ಮನವರ ಶ್ರುತಿಯೋ ನನ್ನ ಪೆಟ್ಟಿಗೆಯ ಎರಡು ಮನೆಗಳ ಸಂದಿಯಲ್ಲಿ ಬಿದ್ದಿದೆ. ಕರಿ ಒತ್ತಿದರೆ ಮೇಲಾಯಿತು, ಬಿಳಿ ಒತ್ತಿದರೆ ಕೆಳಗಾಯಿತು. ಆಕೆ ಕೆಮ್ಮುತ್ತ, ನಡುನಡುವೆ ಮೆಣಸಿನ ಕಷಾಯ ಕುಡಿಯುತ್ತ ಹಾಡಿದರು.

"ನಿಮ್ಮ ಪೆಟ್ಟಿಗೆ ಸೇರ್ತಾ ಇಲ್ಲ ದೊಡ್ಡಸಿದ್ದಯ್ಯನೋರೆ. ಸೇರೋ ಹಾಗಿದ್ರೆ ನುಡಿಸಿ. ಇಲ್ದಿದ್ರೆ ತಾಳ ಹಾಕ್ಕೊಂಡಿರಿ" ಎಂದರು ಮೇಷ್ಟ್ರು.

ತಾಳ! ನಾನು!

ಫೆಬ್ರವರಿ ೨೪

ಇನ್ನೂ ತಾಳವೇ. ತೊಡೆ ಕೆಂಪಾಗಿದೆ.

ದೇವಿರಮ್ಮ ಪರೀಕ್ಷೆಯ ಹಣ ತಂದು ನನ್ನ ಕೈಗಿಟ್ಟಳು. ಕಾರ್ಖಾನೆ ಕ್ವಾರ್ಟರ್ಸಿಗೆ ಬೆಣ್ಣೆ ಹಾಕಿ ಕೂಡಿಸಿದ್ದು. ಚಲುವಿಯ ಫೀಸು, ಮೈಸೂರಿಗೆ ಹೋಗಿಬರುವ ರೈಲು ಚಾರ್ಜು, ಅಲ್ಲಿನ ಊಟ. ಮಾರ್ಚಿ ಮೂವತ್ತೊಂದರೊಳಗೆ ಕಟ್ಟಬೇಕು. ಪಾಸಾದರೆ ಮಳವಳ್ಳಿ ಹೆಣ್ಣುಮಕ್ಕಳ ಸ್ಕೂಲಿನಲ್ಲಿ ಸಂಗೀತ ಹೇಳಿಕೊಡುವ ಕೆಲಸ. ಇರುವುದು ಒಂದೇ ಜಾಗ. ಈ ವರುಷ ಬಿಟ್ಟರೆ ಬೇರೆಯವರ ಪಾಲು.

"ಜ್ವಾಪಾನ ಕಣಣ್ಣ. ಇದ್ ಓದ್ರೆ ನನ್ ತಾವ್ ಇನ್ನೊಂದ್ ಕಾಸಿಲ್ಲ."

"ನನ್ ಕೈಲಿದ್ರೆ ಖಜಾನೇಲ್ ಇದ್ದಂಗೆ ಬುಡಮ್ಮ."

ಮಾರ್ಚಿ ೩, ಬುಧವಾರ. ಮದ್ದೂರು.

ಉಪಾಯ ಹೊಳೆದಿದೆ. ಇಷ್ಟು ದಿನ ಯಾರಿಗೂ ಹೊಳೆಯದ್ದು. ಶ್ರುತಿ ಪೆಟ್ಟಿಗೆಗೆ ಬರದಿದ್ದರೆ ಪೆಟ್ಟಿಗೆಯನ್ನೇ ಶ್ರುತಿಗೆ ತರುವುದು!

ಪಂಕಜಮ್ಮನವರ ಷಡ್ಜವನ್ನು ಮಂಡ್ಯದಿಂದ ಗಂಟಲಲ್ಲೇ ಹಿಡಿದು ತಂದೆ. ಬಸ್ಸಿನಲ್ಲಿ ಯಾರೊಡನೆಯೂ ಮಾತಿಲ್ಲ, ಗುಂಯ್ ಎನ್ನುತ್ತಲೇ ಇದ್ದೆ. ಪಕ್ಕದವನು ಎದ್ದು ಹೋಗಿ ಡ್ರೈವರ್ ಹತ್ತಿರ ಕೂತ.

ರಿಪೇರಿ ಮುದ್ದಯ್ಯ ಮುಚ್ಚಳ ತೆಗೆದು ಒಳಗಿನ ಹಿತ್ತಾಳೆ ರೀಡುಗಳನ್ನು ನೋಡಿದ. "ಎಲ್ಲಾನೂ ಉಜ್ಜಿ ಸುತಿ ಇಳುಸ್ಬೇಕಾ? ಅಳೇ ರೀಡು ಕಣಣ್ಣೋ. ಇನ್ನೊಂದ್ಸಲ ಅರ ಮುಟ್ಟುದ್ರೆ ಮುರ್ದೋಯ್ತವೆ. ತಿರ್ಗಾ ಏರ್ಸು ಅಂತ ಬರ್ಬ್ಯಾಡ."

"ಯಾಕ್ಲಾ ಬರ್ಲಿ? ಉಜ್ಜು."

ಗಾಳಿ ಊದುವ ತಿದಿಗೆ ಹೊಸ ಚರ್ಮ. ಮುಂದೆ ಹಿತ್ತಾಳೆಯಲ್ಲಿ ನನ್ನ ಹೆಸರು. ಖರ್ಚು ಎರಡು ರೂಪಾಯಿ ಎನ್ನೋಣ. ಇಪ್ಪತ್ತನೇ ತಾರೀಕು ಹಲಗೂರಿನಲ್ಲಿ ನಾಟಕ ಒಪ್ಪಿದ್ದೇನೆ. ಆ ಹಣ ಬಂದರೆ ಫೀಸಿನ ಹಣ ಇದ್ದಲ್ಲಿಗೆ ಬಂದಂತೆಯೇ.

ಮಾರ್ಚಿ ೮

ಸೇರಿತು! ಹಾಲಿಗೆ ನೀರು ಸೇರಿದ ಹಾಗೆ ಸೇರಿತು. ಮೇಷ್ಟ್ರು ಕಣ್ಣು ಮುಚ್ಚಿ ಕೇಳಿದರು. ಈ ಸಲ ನಿದ್ದೆಯಲ್ಲ. ವೀಣೆ, ಪಿಟೀಲು, ಗಂಟಲು, ಪೆಟ್ಟಿಗೆ — ಒಂದು ಗಳಿಗೆ ನನ್ನದು ಯಾವುದು ಎಂದು ನನಗೇ ಕೇಳಿಸಲಿಲ್ಲ. ನಾಟಕದಲ್ಲಿ ಹೀಗೆಂದೂ ಆದದ್ದಿಲ್ಲ. ಬೆರಳಿಗೆ ಒಂದು ಕುಣಿತ ಹಾಕುವ ಆಸೆಯಾಯಿತು. ಹಾಕಲಿಲ್ಲ.

ಚಲುವಿ ಕತ್ತು ತಿರುಗಿಸಿ ನನ್ನನ್ನು ನೋಡಿದಳು. ಕಮಾನು ಎಳೆಯುವಾಗ ಥೇಟ್ ಅವರಪ್ಪನೇ.

ಮಾರ್ಚಿ ೧೫

ಹೇಗೆ ಬರೆಯಲಿ...

ಪಂಕಜಮ್ಮನವರ ನೆಗಡಿ ಬಿಟ್ಟಿದೆ. ಗಂಟಲು ತಿಳಿಯಾಗಿದೆ.

"ಸದ್ಯ! ಎಲ್ಲರೂ ಮಾಮೂಲಿ ಶ್ರುತಿಗೆ ಬನ್ನಿ" ಎಂದರು ಮೇಷ್ಟ್ರು. ಕನಕಲಕ್ಷ್ಮಿ ಬಿರಡೆ ತಿರುಗಿಸಿದರು. ಚಲುವಿ ತಿರುಗಿಸಿದಳು. ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತು, ಮುಗಿಯಿತು. ನಾನು ತಿರುಗಿಸುವುದು ಏನನ್ನು?

ಆಕೆಯ ಮಾಮೂಲಿ ಶ್ರುತಿ ನನ್ನ ಹಳೆಯ ಕರಿ ಮನೆಯೇ. ಸರಿಯಾಗಿ ಅದೇ. ಸುಮ್ಮನೆ ಇನ್ನಷ್ಟು ದಿನ ತಾಳ ಹಾಕಿಕೊಂಡಿದ್ದರೆ...

"ಇದೇನಾಯ್ತು? ಹೋದ ವಾರ ಚೆನ್ನಾಗಿತ್ತಲ್ಲ?"

ರೀಡು ಉಜ್ಜಿಸಿದೆ ಎಂದೆ. ಮೇಷ್ಟ್ರು ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. "ನೆಗಡಿ ಶ್ರುತಿಗೆ ಯಾರಾದ್ರೂ ರೀಡು ಉಜ್ಜಿಸ್ತಾರೇನಯ್ಯಾ?" ಎಂದರು, ಬಹಳ ಮೆಲ್ಲಗೆ.

ಮತ್ತೆ ತಾಳ.

ಮಾರ್ಚಿ ೨೧, ಭಾನುವಾರ. ಹಲಗೂರು.

ನಾಟಕಕ್ಕೆ ಕ್ಲಾರಿಯೋನೆಟ್ಟಿನವನನ್ನೂ ಕರೆಸಿದ್ದರು. ಅವನದೂ ತಿರುಗಿಸುವ ವಾದ್ಯವಲ್ಲ. ಮೊದಲ ಪದಕ್ಕೇ ಎರಡು ಶ್ರುತಿ ಜಗಳಕ್ಕೆ ನಿಂತವು. ರಾಜನ ಪಾರ್ಟಿನ ಶಿವಣ್ಣ ಕಿರೀಟ ಸಮೇತ ನನ್ನ ಹತ್ತಿರಕ್ಕೇ ಬಂದ.

"ಏನ್ಲಾ ಸಿದ್ದ, ಅವನ್ ಊದೋದ್ ಒಂದ್ಕಡೆ ಓಯ್ತದೆ, ನಿನ್ ಪೆಟ್ಗೆ ಒಂದ್ಕಡೆ ಓಯ್ತದೆ. ನಾನ್ ಯಾರ್ ಇಂದೆ ಓಗ್ಲಾ?"

ಜನ ಚಪ್ಪಾಳೆ ತಟ್ಟಿದರು. ಅದೂ ಪಾರ್ಟೇ ಎಂದುಕೊಂಡರು. ಪೆಟ್ಟಿಗೆ ಮುಚ್ಚಿಸಿದರು. ಕ್ಲಾರಿಯೋನೆಟ್ಟಿನಲ್ಲೇ ಬೆಳಗಿನವರೆಗೆ ನಡೆಯಿತು. ನನಗೆ ಒಂದು ತೆಂಗಿನಕಾಯಿ ಕೊಟ್ಟರು.

ಮಾರ್ಚಿ ೨೭

ಮಳವಳ್ಳಿಯಲ್ಲಿ ಒಂದು ನಾಟಕ ಕಂಪನಿ ಬಿಡಾರ ಹೂಡಿದೆ ಎಂದು ಕೇಳಿ ಪೆಟ್ಟಿಗೆ ಹೊತ್ತು ಹೋದೆ. ಮಾರಿಬಿಡೋಣ ಎಂದು. ಅಲ್ಲಿ ಪೆಟ್ಟಿಗೆ ನುಡಿಸುವವನು ಹಿತ್ತಾಳೆಯ ಹೆಸರು ಓದಿದ. ಒಂದು ಮನೆ ಒತ್ತಿದ. ಇನ್ನೊಂದು ಒತ್ತಿದ. ಮುಚ್ಚಳ ಹಾಕಿ, "ಕಾಫಿ ಕುಡ್ದು ಓಗಿ" ಎಂದ.

ಮನೆಯಲ್ಲಿ ಚಲುವಿ ಪಿಟೀಲು ಹಿಡಿದು ಕೂತಿದ್ದಳು. "ಮಾವ, ಫೀಸ್ ಕಟ್ಟಿದ್ಯಾ?"

"ಓಗವ್ವ, ಆವತ್ತೇ ಕಟ್ಟಾಯ್ತು."

ಪೂರ್ತಿ ವರ್ಣವನ್ನು ಎರಡು ಕಾಲದಲ್ಲಿ ನುಡಿಸಿ ತೋರಿಸಿದಳು. ಒಂದು ಕಡೆಯೂ ಜಾರಲಿಲ್ಲ. ತಪ್ಪಾದರೂ ಮಾಡಬಾರದೇ ಎನ್ನಿಸಿತು.

ಮಾರ್ಚಿ ೩೧, ಬುಧವಾರ. ಸಂಜೆ.

ಐದಕ್ಕೆ ಕಾರ್ಖಾನೆ ಕೂಗಿತು. ಇವತ್ತು ನಾನಲ್ಲ. ನನ್ನ ಪೆಟ್ಟಿಗೆಯಲ್ಲಿ ಈಗ ಆ ಕೂಗೂ ಬರುವುದಿಲ್ಲ. ಗುಮಾಸ್ತೆ ಕಾಲೇಜಿನ ಹಣದ ಪೆಟಾರಿಗೆ ಬೀಗ ಹಾಕಿದ. ಮೇಷ್ಟ್ರು ಫೀಸು ಕಟ್ಟಿದವರ ಹೆಸರು ಓದಿದರು. ಪಂಕಜಮ್ಮ. ಕನಕಲಕ್ಷ್ಮಿ. ಆಮೇಲೆ ಇನ್ನಾರೋ. ಓದಿ ಮುಗಿಸಿ, ಚಲುವಿಯ ಕಡೆ ನೋಡಿ, ಇನ್ನೊಮ್ಮೆ ಮೇಲಿನಿಂದ ಓದಿದರು.

ಚಲುವಿ ಕಮಾನು ಸಡಿಲ ಮಾಡಿದಳು. ಪಿಟೀಲು ಬಟ್ಟೆಯಲ್ಲಿ ಸುತ್ತಿದಳು. ರೈಲ್ವೆ ಗೇಟಿನ ಹತ್ತಿರ ಕೇಳಿದಳು.

"ಎಷ್ಟ್ ಕಮ್ಮಿ ಬಿದ್ದಿತ್ತು ಮಾವ?"

ಬಾಯಿಗೆ ಬಂದದ್ದು ಮದ್ದೂರಿನ ಅದೇ ಲೆಕ್ಕ. ಎರಡು ರೂಪಾಯಿ ಎಂದೆ.

"ಎಲ್ಡ್ ರೂಪಾಯ್ಗಾ?" ನಿಂತುಬಿಟ್ಟಳು. ಕೈ ಕಿವಿಗೆ ಹೋಯಿತು. "ಒಂದ್ ಮಾತ್ ಯೋಳಿದ್ರೆ ಓಲೆ ಬಿಚ್ ಕೊಡ್ತಿರ್ಲಿಲ್ವಾ ಮಾವ?"

ನಂಬಿದಳು. ಈಗಲೂ ನಂಬಿದಳು. ಒಳಗೆ ಅವ್ವನಿಗೂ ಹಾಗೇ ಹೇಳುತ್ತಿದ್ದಾಳೆ, ಬರೀ ಎರಡು ರೂಪಾಯಿ ಕಮ್ಮಿಯಾಯಿತಂತೆ, ಮಾವನನ್ನು ಬೈಯಬೇಡ ಎಂದು. ಜಗಲಿಗೆ ಕೇಳಿಸುತ್ತಿದೆ.

ಎರಡಲ್ಲ. ರೀಡು, ಚರ್ಮ, ಹಿತ್ತಾಳೆ ಹೆಸರು, ಬಸ್ಸು... ಇಪ್ಪತ್ತಮೂರು ರೂಪಾಯಿ ಎಂಟಾಣೆ. ದೇವಿರಮ್ಮ ಕೊಟ್ಟದ್ದೇ ಅಷ್ಟು. ಅಷ್ಟೂ ಪೆಟ್ಟಿಗೆಗೇ ಹೋಯಿತು.