ಕೆಳಗೆ ನಿಂತವರ ಸೀಟು

ಗಿರಕಿ ಪಾರ್ಕು, ಹುಬ್ಬಳ್ಳಿ
ಫೆಬ್ರವರಿ ೩೧, ೨೧೯೪

ಗಿರಕಿ ಪಾರ್ಕಿನ ಯಜಮಾನರಿಗೂ, ಮುಂದಿನ ವರ್ಷ ಯಾವ ಹೊಸ ಆಟ ತರಬೇಕೆಂದು ಮೀಟಿಂಗ್ ಮೇಲೆ ಮೀಟಿಂಗ್ ಮಾಡುತ್ತಿರುವ ನಿಮ್ಮೆಲ್ಲರಿಗೂ, ನಿಮ್ಮದೇ ಪಾರ್ಕಿನ ನಮ್ಮ ಕಾಲದ ಆಟಗಳ ಮುಖ್ಯಸ್ಥೆ ನೀಲಗಂಗಾ ಉಳ್ಳಾಗಡ್ಡಿ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಹುಬ್ಬೇರಿಸಬೇಡಿ. ಹನ್ನೆರಡು ತಿಂಗಳಲ್ಲಿ ಫೆಬ್ರವರಿಯೊಂದಕ್ಕೇ ಅನ್ಯಾಯವಾಗಿದೆ ಎಂದು ನಮ್ಮ ಅಜ್ಜಿಯರ ಕಾಲದಲ್ಲಿ ದೊಡ್ಡ ಗಲಾಟೆಯಾಗಿ, ಜುಲೈ, ಆಗಸ್ಟ್, ಅಕ್ಟೋಬರುಗಳಿಂದ ಒಂದೊಂದು ದಿನ ಕಿತ್ತು ಅದಕ್ಕೆ ಕೊಟ್ಟರು. ನನ್ನ ಮಾತು ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಿದರೆ ಅದಕ್ಕೂ ಕ್ಷಮೆ ಇರಲಿ. ನಿಮ್ಮ ಕಾಲದ ಬರವಣಿಗೆಯನ್ನು ನಾನು ಕಲಿತದ್ದು ನಮ್ಮ ಉಗ್ರಾಣದಲ್ಲಿ ಉಳಿದಿರುವ ನಿಮ್ಮ ಹಳೆಯ ಬೋರ್ಡುಗಳನ್ನು ಓದಿ. ಎಲ್ಲಾದರೂ ‘ಹೃದಯದ ತೊಂದರೆ ಇರುವವರಿಗೆ ಪ್ರವೇಶವಿಲ್ಲ’ ಎಂಬ ಧಾಟಿ ಇಣುಕಿದರೆ ಅದು ನಿಮ್ಮದೇ ಬಳುವಳಿ.

ಇಂಥ ಪತ್ರವನ್ನು ನಾವು ಹಿಂದೋಲೆ ಎನ್ನುತ್ತೇವೆ, ಹಿಂದಿನ ಕಾಲಕ್ಕೆ ಹೋಗುವ ಓಲೆ. ಹೇಗೆ ಹೋಗುತ್ತದೆ ಎಂದು ಮಾತ್ರ ಕೇಳಬೇಡಿ. ನಿಮ್ಮ ಮೊಬೈಲಿನೊಳಗೆ ಮಾತು ಹೇಗೆ ಬರುತ್ತದೆಂದು ನಿಮಗೆಷ್ಟು ಗೊತ್ತೋ ನನಗೂ ಇದರ ಬಗ್ಗೆ ಅಷ್ಟೇ ಗೊತ್ತು. ಒಬ್ಬರಿಗೆ ಬದುಕಿನಲ್ಲಿ ಒಂದೇ ಹಿಂದೋಲೆ. ನಮ್ಮ ಕಾಲದವರ ಹೆಸರು ಬರೆಯಲು ಅಡ್ಡಿಯಿಲ್ಲ. ಆದರೆ ನಿಮ್ಮ ಕಾಲದವರ ಹೆಸರನ್ನಾಗಲಿ, ದಿನವನ್ನಾಗಲಿ, ಗುರುತು ಹತ್ತುವ ಇನ್ನಾವುದನ್ನೇ ಆಗಲಿ ಬರೆದರೆ ಅಂಚೆಯವರು ಅಷ್ಟನ್ನೂ ಅಳಿಸಿ ಕಳಿಸುತ್ತಾರೆ. ಜನ ಸಾಮಾನ್ಯವಾಗಿ ಇದನ್ನು ಒಂದು ಕೆರೆ ಉಳಿಸಲು, ಒಂದು ಜಗಳ ತಪ್ಪಿಸಲು ಖರ್ಚು ಮಾಡುತ್ತಾರೆ. ನಾನು ಪಾರ್ಕಿಗೆ ಬರೆಯುತ್ತೇನೆ ಎಂದಾಗ ನನ್ನ ಗಂಡ ವಿರುಪಾಕ್ಷಿ ಗಿರಮಿಟ್ ತಿನ್ನುವುದನ್ನೇ ನಿಲ್ಲಿಸಿದರು. (ಹೌದು, ಗಿರಮಿಟ್ ಇನ್ನೂ ಇದೆ, ಜೊತೆಗೆ ಮಿರ್ಚಿಯೂ ಇದೆ. ಹುಬ್ಬಳ್ಳಿ ಅಷ್ಟು ಸುಲಭಕ್ಕೆ ಕೆಡುವುದಿಲ್ಲ.)

“ಜೀವನದಾಗ ಒಂದ ಒಂದು ಪತ್ರ. ಅದನ್ನ ಜೋಕಾಲಿ ಆಡಸಾವ್ರಿಗೆ ಬರೀತಿಯೇನ?” ಎಂದರು.

ಹೌದು, ಅವರಿಗೇ ಬರೆಯುತ್ತೇನೆ ಎಂದೆ. ಯಾಕೆಂದರೆ ನಮ್ಮ ಮನೆಯ ಗೋಡೆಯ ಮೇಲೊಂದು ಫೋಟೊ ಇದೆ. ನಿಮ್ಮ ಪಾರ್ಕಿನಲ್ಲೇ, ಆಕಾಶಕ್ಕೆ ಏರಿಸಿ ಕೈಬಿಡುವ ನಿಮ್ಮ ಆ ಎತ್ತರದ ಆಟದ ಬುಡದಲ್ಲಿ ತೆಗೆದದ್ದು. ಅದರಲ್ಲಿ ಮನೆಮಂದಿಯೆಲ್ಲ ಕೂದಲು ಕೆದರಿಕೊಂಡು, ಬಾಯಿ ತುಂಬ ನಗುತ್ತ ನಿಂತಿದ್ದಾರೆ. ತುದಿಯಲ್ಲಿ ಒಬ್ಬಳು ಹೆಂಗಸು. ಅವಳ ಒಂದು ಕೂದಲೂ ಅಲುಗಿಲ್ಲ. ಎರಡೂ ಹೆಗಲಿಗೆ ಚೀಲ, ಕಂಕುಳಲ್ಲಿ ನೀರಿನ ಬಾಟಲಿ, ಕೈಯಲ್ಲಿ ಯಾರದ್ದೋ ಚಪ್ಪಲಿ. ಅವಳು ನನ್ನ ಮುತ್ತಜ್ಜಿಯ ಮುತ್ತಜ್ಜಿ. ಹೆಸರು ಹೇಳಲಾರೆ, ಸೀರೆಯ ಬಣ್ಣವನ್ನೂ ಹೇಳಲಾರೆ. ವರ್ಷಕ್ಕೊಮ್ಮೆ ಮನೆಯವರೆಲ್ಲ ನಿಮ್ಮಲ್ಲಿಗೆ ಬರುತ್ತಿದ್ದರಂತೆ, ಪ್ರತಿ ಸಲವೂ ಆ ಆಟ ಹತ್ತುತ್ತಿದ್ದರಂತೆ, ಅವಳು ಪ್ರತಿ ಸಲವೂ ಕೆಳಗೆ ಚೀಲ ಹಿಡಿದು ನಿಲ್ಲುತ್ತಿದ್ದಳಂತೆ. ಇಳಿದು ಬಂದವರನ್ನೆಲ್ಲ ಅವಳು ಕೇಳುತ್ತಿದ್ದುದು ಒಂದೇ ಮಾತು: “ಮ್ಯಾಲಿಂದ ಊರು ಹೆಂಗ ಕಾಣ್ತೈತಿ?”

ಯಾರೂ ಸರಿಯಾಗಿ ಹೇಳಲಿಲ್ಲ. ಹೇಳುವುದಾದರೂ ಹೇಗೆ? ಮೇಲೆ ಹೋದ ಪುಣ್ಯಾತ್ಮರೆಲ್ಲ ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡಿದ್ದರು! ಆಕೆ ಮುದುಕಿಯಾಗಿ ಹಾಸಿಗೆ ಹಿಡಿದ ಮೇಲೂ, ನೋಡಲು ಬಂದ ಮೊಮ್ಮಕ್ಕಳನ್ನು ಅದೇ ಮಾತು ಕೇಳಿದಳಂತೆ. ಅವಳು ಹೋದ ಮೇಲೆ ಅದು ನಮ್ಮ ಮನೆಯ ತಮಾಷೆಯ ಮಾತಾಗಿ ಉಳಿಯಿತು. ಯಾರಾದರೂ ಮಾಳಿಗೆ ಹತ್ತಲಿ, ಗುಡ್ಡ ಹತ್ತಲಿ, ವಿಮಾನ ಹತ್ತಲಿ, ಇಳಿದ ಕೂಡಲೇ ನಾವು ಇದನ್ನೇ ಕೇಳಿ ನಗುತ್ತೇವೆ. ನಾನೂ ನಕ್ಕವಳೇ. ಈಗ ಆ ಫೋಟೊ ನೋಡಿದರೆ ನನಗೆ ನಗು ಬರುವುದಿಲ್ಲ. ಆ ಹೆಂಗಸು ಒಂದೇ ಒಂದು ಸಲ ಆ ಆಟದಲ್ಲಿ ಕೂರಬೇಕು. ನನಗೆ ಬೇಕಾದದ್ದು ಅಷ್ಟೇ.

ಬರೀ ಕೇಳಲು ಬಂದಿಲ್ಲ, ಕೊಡಲೂ ಬಂದಿದ್ದೇನೆ. ಹೊಸ ಆಟದ ಬಗ್ಗೆ ನೀವು ತಲೆ ಕೆಡಿಸಿಕೊಂಡಿದ್ದೀರಿ, ನಾನು ಹೇಳುತ್ತೇನೆ ಕೇಳಿ. ಪಕ್ಕದ ಊರಿನ ಪಾರ್ಕಿಗಿಂತ ಎತ್ತರದ್ದು, ಅದಕ್ಕಿಂತ ಜೋರಿನದು ಎಂಬ ಪೈಪೋಟಿ ಬಿಟ್ಟುಬಿಡಿ. ಆ ದಾರಿಯಲ್ಲಿ ನಿಮ್ಮ ನಂತರದವರು ಬಹಳ ದೂರ ಹೋದರು. ಕೊನೆಗೆ ಜನ ಹತ್ತುವಾಗ ಎಚ್ಚರವಿದ್ದು ಇಳಿಯುವಾಗ ಎಚ್ಚರ ತಪ್ಪಿರುತ್ತಿದ್ದರು, ಆಟ ಹೇಗಿತ್ತು ಎಂದರೆ ಹೇಳಲು ಯಾರಿಗೂ ನೆನಪಿರುತ್ತಿರಲಿಲ್ಲ. ಈಗ ನಮ್ಮಲ್ಲಿ ಮಕ್ಕಳು ಮುಗಿಬೀಳುವ ಆಟದ ಹೆಸರು ‘ಕರೆಂಟು ಹೋದ ಮನೆ’. ನಮ್ಮ ಕಾಲದಲ್ಲಿ ಕರೆಂಟು ಹೋಗುವುದೇ ಇಲ್ಲ, ಪಾಪ, ಈ ಮಕ್ಕಳಿಗೆ ಕತ್ತಲೆಯೆಂದರೆ ಏನೆಂದು ಗೊತ್ತಿಲ್ಲ. ಒಂದು ಸಣ್ಣ ಮನೆ, ಒಳಗೆ ಒಂದಿಪ್ಪತ್ತು ಮಂದಿ. ಇದ್ದಕ್ಕಿದ್ದಂತೆ ದೀಪ ಆರುತ್ತದೆ. ಮೇಣದ ಬತ್ತಿ ಎಲ್ಲಿದೆ ಎಂದು ಒಬ್ಬರು ತಡಕಾಡುತ್ತಾರೆ, ಇನ್ನೊಬ್ಬರ ಕಾಲು ತುಳಿಯುತ್ತಾರೆ, ಯಾರೋ ಬೀಸಣಿಗೆ ಬೀಸುತ್ತಾರೆ, ಯಾರೋ ದೆವ್ವದ ಕತೆ ತೆಗೆಯುತ್ತಾರೆ. ದೀಪ ಬಂದಾಗ ಇಡೀ ಮನೆ ಒಟ್ಟಿಗೆ “ಬಂತೂ!” ಎಂದು ಕೂಗುತ್ತದೆ. ಆ ಕೂಗಿಗಾಗಿ ಮಕ್ಕಳು ಮತ್ತೆ ಮತ್ತೆ ಸಾಲು ಹಚ್ಚುತ್ತಾರೆ. ನಿಮಗೆ ಇದು ಮನೆಯಲ್ಲೇ ಪುಕ್ಕಟೆ ಸಿಗುತ್ತದೆಂದು ಮೂಗು ಮುರಿಯಬೇಡಿ.

ಇನ್ನೊಂದು ‘ಹಳೇ ಸಿಗ್ನಲ್’. ಈಗ ನಮ್ಮ ಬೀದಿಗಳಿಗೆಲ್ಲ ನೆರಳುಚಪ್ಪರ ಇದೆ. ಮಾಳಿಗೆಗಳನ್ನು ಬಿಟ್ಟು, ಬೀದಿಗಳ ಮೇಲೆ ಬಿಸಿಲು ಬೀಳದಂತೆ ಊರ ತುಂಬ ಹಾಸಿದ ಬಟ್ಟೆಯಂಥ ಮಾಡು ಅದು. ಅದರ ಕೆಳಗೆ ಬಂಡಿಗಳು ಸದ್ದಿಲ್ಲದೆ, ಒಂದನ್ನೊಂದು ತಾಕದೆ ಹೋಗುತ್ತವೆ. ಆದ್ದರಿಂದ ನಿಮ್ಮ ಕಾಲದ ಒಂದು ಸರ್ಕಲ್ಲನ್ನು ನಾವು ಪಾರ್ಕಿನಲ್ಲಿ ಕಟ್ಟಿದ್ದೇವೆ. ಬಿಸಿಲು, ಹಾರ್ನು, ಮುಂದಿನ ಗಾಡಿಯ ಹೊಗೆ, ಪಕ್ಕದವನ ಬೈಗುಳ, ಎಲ್ಲವೂ ಅಚ್ಚುಕಟ್ಟಾಗಿ ಸಿಗುತ್ತದೆ. ಹಸಿರು ದೀಪ ಬಂದರೂ ಗಾಡಿ ಮುಂದೆ ಹೋಗುವುದಿಲ್ಲ. ನಮ್ಮ ಮಕ್ಕಳು ಹೊಟ್ಟೆ ಹುಣ್ಣಾಗುವಂತೆ ನಗುತ್ತಾರೆ. ನೀವು ದಿನಾ ಬೆಳಿಗ್ಗೆ ಇದರಲ್ಲಿ ಕೂರುತ್ತಿದ್ದಿರಿ ಎಂದರೆ ಅವರು ನಂಬುವುದಿಲ್ಲ.

ಈಗ ನಮ್ಮ ಒಂದು ಪ್ರಮಾದದ ಕತೆ ಹೇಳಬೇಕು. ಅದನ್ನು ಹೇಳದೆ ನನ್ನ ಸಲಹೆ ನಿಮಗೆ ಅರ್ಥವಾಗದು. ಕೆಳಗೆ ಚೀಲ ಹಿಡಿದು ನಿಲ್ಲುವವರು ನಮ್ಮ ಕಾಲದಲ್ಲೂ ಇದ್ದರು. ಮೊದಲು ನಾವು ಬೀಗದ ಪೆಟ್ಟಿಗೆ ಇಟ್ಟೆವು. ಒಬ್ಬರೂ ಚೀಲ ಇಡಲಿಲ್ಲ. ಮನೆಯ ಕೀಲಿಕೈ, ಮೊಸರನ್ನದ ಡಬ್ಬಿ, ತೆಗೆದಿಟ್ಟ ಬಂಗಾರ, ಕೂಸಿನ ಟೊಪ್ಪಿಗೆ ಇವನ್ನೆಲ್ಲ ಕಬ್ಬಿಣದ ಪೆಟ್ಟಿಗೆಗೆ ಒಪ್ಪಿಸಿ ಹೋಗುವ ಪೈಕಿ ಅಲ್ಲ ನಮ್ಮ ಜನ. ಮೇಲೆ ಹೋದ ಮಗು ಕೈ ಬೀಸಿದರೆ ಕೆಳಗಿನಿಂದ ಕೈ ಬೀಸುವವರೂ ಬೇಕಲ್ಲ? ಪೆಟ್ಟಿಗೆ ಕೈ ಬೀಸುವುದಿಲ್ಲ. ಆಗ ನಮ್ಮ ಸಮಿತಿಯ ಜಾಣರೆಲ್ಲ ಸೇರಿ, ಅವರಲ್ಲಿ ನಾನೂ ಒಬ್ಬಳು, ಚೀಲ ಹಿಡಿಯುವವರಿಗೆಂದೇ ಒಂದು ಆಟ ಕಟ್ಟಿದೆವು. ಹೆಸರು ನೆಮ್ಮದಿ ತೊಟ್ಟಿಲು. ಮೆತ್ತನೆಯ ಸೀಟು, ಚೀಲ ನೇತುಹಾಕಲು ಕೊಕ್ಕೆ, ಒಳಗೇ ಚಹಾ, ಬಸವನ ಹುಳುವಿನ ವೇಗ. ವಯಸ್ಸಾದ ಹೆಂಗಸರು, ಅಂಜುವ ಹೆಂಗಸರು, ಅವರಿಗೆ ಇಷ್ಟು ಸಾಕು ಎಂಬುದು ನಮ್ಮ ಲೆಕ್ಕ.

ಉದ್ಘಾಟನೆಗೆ ನನ್ನ ದೊಡ್ಡವ್ವ ದೇವಕ್ಕನನ್ನೇ ಕರೆತಂದು ಮೊದಲ ಸೀಟಿನಲ್ಲಿ ಕೂರಿಸಿದೆ. ಅವ್ವನ ಅಕ್ಕ ಆಕೆ. ನಮ್ಮ ಮನೆಯ ಚೀಲಗಳನ್ನೆಲ್ಲ ಹಿಡಿದೇ ಹಣ್ಣಾದವಳು. ತೊಟ್ಟಿಲು ಒಂದು ಸುತ್ತು ಬಂದು ನಿಂತಿತು. ಹೇಗಿತ್ತು ದೊಡ್ಡವ್ವ ಎಂದು ಬಹಳ ಹೆಮ್ಮೆಯಿಂದ ಕೇಳಿದೆ.

“ಚಲೋ ಐತೆವ್ವ. ಬಸ್ ಸ್ಟ್ಯಾಂಡಿನ್ಯಾಗ ಕುಂತಂಗಾತು,” ಎಂದಳು.

ಗುಡ್ಡ ಅಗೆದು ಇಲಿ ಹಿಡಿದ ಹಾಗಾಯಿತು ನಮ್ಮ ಪಾಡು. ಮತ್ತೆ ಎಂಥದು ಬೇಕಿತ್ತು ಎಂದೆ. ಅವಳು ಗದ್ದ ಎತ್ತಿ ಆಕಾಶದ ಕಡೆ ತೋರಿಸಿದಳು. ನಮ್ಮ ಪಾರ್ಕಿನಲ್ಲೇ ಎಲ್ಲಕ್ಕಿಂತ ಎತ್ತರದ್ದು, ನೆರಳುಚಪ್ಪರವನ್ನೂ ದಾಟಿ ಮೇಲಕ್ಕೊಯ್ದು ಕೈಬಿಡುವಂಥದ್ದು, ನಿಮ್ಮ ಆ ಆಟದ ಮರಿಮಗ.

“ಅಂಜಿಕಿ ಬರಂಗಿಲ್ಲೇನ ದೊಡ್ಡವ್ವ?” ಎಂದೆ.

“ಅಂಜಿಕಿ ಬರಲಿ ಅಂತನ ಅಲ್ಲೇನ ಅದರಾಗ ಕುಂದರೂದು? ಇಷ್ಟು ವರ್ಷ ಆತು, ಕುಂದರ್ತಿಯೇನಬೇ ಅಂತ ಒಬ್ಬರರ ಕೇಳೀರೇನು? ಚೀಲ ಹಿಡಿ ಅಂದ್ರಿ, ಹಿಡಿದ್ನಿ. ಈಗ ನೀ ಹಿಡಿ!”

ಹಾಗೆ ಹೇಳಿ ತನ್ನ ಚೀಲವನ್ನು ನನ್ನ ಹೆಗಲಿಗೆ ಹಾಕಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಹೋಗಿ ಕೂತೇ ಬಿಟ್ಟಳು. ಆಟ ಮೇಲೇರುವಾಗ ನಾನು ಕೆಳಗೆ ನಿಂತು, ಚೀಲದ ಭಾರ ಒಂದು ಕಡೆ, ಎದೆಯ ಭಾರ ಒಂದು ಕಡೆ, ಹುಚ್ಚಿಯ ಹಾಗೆ ಕೈ ಬೀಸಿದೆ. ದೊಡ್ಡವ್ವ ಕೂಗಿದ್ದು ಪಾರ್ಕಿಗೆಲ್ಲ ಕೇಳಿಸಿತು. ಇಳಿದು ಬಂದಾಗ ಅವಳ ತುರುಬು ಬಿಚ್ಚಿತ್ತು, ಮುಖ ಕೆಂಪಗಾಗಿತ್ತು. ನಮ್ಮ ಮನೆಯ ಹಳೆಯ ಮಾತನ್ನು ರೂಢಿಯಂತೆ ಕೇಳಿದೆ, ಮ್ಯಾಲಿಂದ ಊರು ಹೆಂಗ ಕಾಣ್ತೈತಿ ಎಂದು.

“ಊರಿನ ಮಾತು ಆಮ್ಯಾಲ. ನಮ್ಮನಿ ಮಾಳಿಗಿ ಮ್ಯಾಲಿನ ಸಂಡಿಗಿ ಕಾಣ್ತಾವ ನೋಡು! ಒಬ್ಬರೂ ಎತ್ತಿಟ್ಟಿಲ್ಲ, ಮೂಳಗೋಳು!”

ಸುತ್ತ ಇದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ನಾನು ಮಾತ್ರ ಅಲ್ಲೇ ಅತ್ತುಬಿಟ್ಟೆ. ಇಷ್ಟು ತಲೆಮಾರು ಕೇಳುತ್ತ ಬಂದ ಪ್ರಶ್ನೆಗೆ ಅಂದು ಮೊದಲ ಸಲ ಯಾರೋ ಕಣ್ಣು ಬಿಟ್ಟು ನೋಡಿ ಬಂದು ಉತ್ತರ ಹೇಳಿದ್ದರು. ಆದರೆ ಆ ಉತ್ತರ ಸಿಕ್ಕಿದ್ದು ನನಗೆ. ಕೇಳಿದವಳಿಗೆ ಸಿಗಲಿಲ್ಲ. ಅವಳು ಇನ್ನೂ ನಿಮ್ಮ ಪಾರ್ಕಿನಲ್ಲಿ ಚೀಲ ಹಿಡಿದುಕೊಂಡು ಮೇಲೆ ನೋಡುತ್ತ ನಿಂತಿದ್ದಾಳೆ.

ನೆಮ್ಮದಿ ತೊಟ್ಟಿಲನ್ನು ಮರುವಾರವೇ ಬಿಚ್ಚಿದೆವು. ಅದರ ಬದಲು ಮಾಡಿದ್ದು ಬಹಳ ಸಣ್ಣ ಕೆಲಸ. ಪ್ರತಿ ಆಟದಲ್ಲೂ, ಎಲ್ಲಕ್ಕಿಂತ ಚೆನ್ನಾಗಿ ಕಾಣುವ ಜಾಗದಲ್ಲಿ, ಒಂದು ಸೀಟಿಗೆ ಅರಿಶಿನದ ಬಣ್ಣ ಬಳಿದೆವು. ಅದು ಕೆಳಗೆ ನಿಂತವರ ಸೀಟು. ಚೀಲ ಹಿಡಿದು ನಿಂತವರಲ್ಲಿ ಒಬ್ಬರು ಬರಿಗೈಯಲ್ಲಿ ಬಂದು ಅದರಲ್ಲಿ ಕೂರುವವರೆಗೆ ಆಟ ಶುರುವಾಗುವುದಿಲ್ಲ. ಆಗಷ್ಟೇ ಇಳಿದು ಬಂದ ಅವರ ಮನೆಯವರು ಚೀಲ ಹಿಡಿಯಬೇಕು, ಮೇಲೆ ನೋಡಬೇಕು, ಕೈ ಬೀಸಬೇಕು. ಮೊದಮೊದಲು ಗಂಡಸರು ಮುಖ ಸಿಂಡರಿಸಿದರು. ಈಗ ನೋಡಬೇಕು ನೀವು. ಸಂಜೆ ಹೊತ್ತು ಬಿಸಿಲಿಳಿದು ಪಾರ್ಕು ತುಂಬಿದಾಗ, ಮೀಸೆ ಹೊತ್ತ ಮಾವಂದಿರು ಸೊಸೆಯ ಕೈಚೀಲ ತೂಗುಹಾಕಿಕೊಂಡು ಸಾಲಾಗಿ ನಿಂತು ಕೈ ಬೀಸುತ್ತಿರುತ್ತಾರೆ. ಬೆಲ್ಟು ಬಿಗಿದುಕೊಂಡು ಕಾಯುವವರು ಕೂತಲ್ಲಿಂದಲೇ “ಬರ್ರೀ ಅಕ್ಕಾರ, ನಿಮ್ಮ ಸಲುವಾಗಿ ನಿಂತೇತ್ರಿ ಇದು!” ಎಂದು ಕರೆಯುತ್ತಾರೆ. ಒಲ್ಲೆ ಎನ್ನುವವರೂ ಇದ್ದಾರೆ. ಅವರನ್ನು ಯಾರೂ ಎಳೆದು ಕೂರಿಸುವುದಿಲ್ಲ, ಪಕ್ಕದಲ್ಲಿ ನಿಂತವರನ್ನು ಕೇಳುತ್ತಾರೆ. ನಮ್ಮ ಎಷ್ಟೋ ಆಟಗಳು ಬಂದವು, ಹೋದವು. ಈ ಸೀಟನ್ನು ತೆಗೆಯುತ್ತೇವೆಂದರೆ ಮಾತ್ರ ಊರು ಸುಮ್ಮನಿರುವುದಿಲ್ಲ.

ಆದ್ದರಿಂದ ನಿಮ್ಮ ಮೀಟಿಂಗಿನಲ್ಲಿ ನನ್ನ ಪರವಾಗಿ ಇದನ್ನು ಓದಿ. ನೀರಿನ ಆಟ ತನ್ನಿ, ಕತ್ತಲೆಯ ಆಟ ತನ್ನಿ, ಏನು ಬೇಕಾದರೂ ತನ್ನಿ, ಅವೆಲ್ಲ ನಡೆಯುತ್ತವೆ, ಗಾಬರಿ ಬೇಡ. ನಿಮ್ಮ ಪಾರ್ಕು ಮುಳುಗುವುದಿಲ್ಲ. ಅದರಲ್ಲೇ ಸಂಬಳ ತೆಗೆದುಕೊಳ್ಳುತ್ತಿರುವ ನಾನೇ ಸಾಕ್ಷಿ. ಆದರೆ ಅದಕ್ಕೂ ಮೊದಲು ಒಂದು ಡಬ್ಬಿ ಹಳದಿ ಬಣ್ಣ ತರಿಸಿ. ಇದರಿಂದ ಹಿಂದಿನದು ಬದಲಾದರೆ ನಮ್ಮ ಮನೆಯ ಆ ತಮಾಷೆಯ ಮಾತೇ ಹುಟ್ಟದೆ ಹೋದೀತು, ನಾನು ಅದಿಲ್ಲದ ಮನೆಯಲ್ಲಿ ಬೆಳೆದವಳಾದೇನು ಎಂದು ವಿರುಪಾಕ್ಷಿ ಎಚ್ಚರಿಸಿದರು. ಹೋದರೆ ಹೋಗಲಿ ಎಂದು ಅವರಿಗೆ ಹೇಳಿ, ಈ ಪತ್ರ ಮುಗಿಸಲು ಕೂತಿದ್ದೇನೆ.

ಆ ಹೆಂಗಸು ಯಾರು, ಎಂದು ಬರುತ್ತಾಳೆ ಎಂದು ಹೇಳಲು ಕಾಯಿದೆ ಬಿಡುವುದಿಲ್ಲ. ನಿಮಗೆ ಅವಳ ಗುರುತು ಸಿಗುವುದೂ ಇಲ್ಲ, ಯಾಕೆಂದರೆ ನಿಮ್ಮಲ್ಲಿ ಪ್ರತಿ ಆಟದ ಬುಡದಲ್ಲೂ ಅವಳಂಥವರು ನಿಂತಿರುತ್ತಾರೆ. ಹಾಗಾಗಿ ಎಲ್ಲರನ್ನೂ ಕೇಳಿ, ಒಬ್ಬರನ್ನೂ ಬಿಡಬೇಡಿ. ಹತ್ತುತ್ತೀರಾ ಎಂದು ಕೇಳಿ, ಚೀಲ ಇಸಿದುಕೊಂಡು ಕಳಿಸಿ, ಕೆಳಗೆ ನಿಂತು ಕೈ ಬೀಸಿ. ಅವರಲ್ಲಿ ಒಬ್ಬಳು ನನ್ನವಳು. ಅವಳು ಇಳಿದು ಬಂದ ಕೂಡಲೇ ಅಭ್ಯಾಸಬಲದಿಂದ ಚೀಲಕ್ಕೆ ಕೈ ಚಾಚುತ್ತಾಳೆ. ಆಗ ಮೇಲಿಂದ ಊರು ಹೇಗೆ ಕಂಡಿತು ಎಂದು ಕೇಳಿ. ಅವಳು ಪೂರ್ತಿ ಹೇಳಿ ಮುಗಿಸುವವರೆಗೆ ಚೀಲ ವಾಪಸ್ ಕೊಡಬೇಡಿ.

ಇಂತಿ,
ನೀಲಗಂಗಾ ಉಳ್ಳಾಗಡ್ಡಿ