ಲೀಲಾಧರ ಡಾಕ್ಟರಿಗೆ ಕಲಿಸಿದ್ದು

ಜೂನ್ 9, ಸೋಮವಾರ
ಕಾಮೋಠೆ ಆಸ್ಪತ್ರೆಯಲ್ಲಿ ಎರಡನೇ ವಾರ. ಪೇಷಂಟುಗಳ ದಾಖಲೆಯ ಸಾಫ್ಟ್‌ವೇರ್ ಹಾಕಿ ವರ್ಷವಾದರೂ ಡಾಕ್ಟರುಗಳು ಅರ್ಧ ಬಟನ್ ಮುಟ್ಟಿಲ್ಲ. ಕಲಿಸಲು ಕಂಪನಿ ನನ್ನನ್ನು ಕಳಿಸಿದೆ. ಟ್ರೇನಿಂಗಿಗೆ ಎಲ್ಲರೂ ಬಂದರು, ಲೀಲಾಧರ ಡಾಕ್ಟರ್ ಬಿಟ್ಟು. ಅವರ ಎಂಟ್ರಿಯೆಲ್ಲ ಬಾಗಿ ಸಿಸ್ಟರ್ ಮಾಡುತ್ತಾರೆ. ಕ್ಯಾಬಿನ್ನಿಗೇ ಹೋದೆ.
"ಬಟನ್ ಒತ್ತಲಿಕ್ಕೆ ನಾನು ಡಾಕ್ಟರ್ ಆದದ್ದಲ್ಲ ಮಾರಾಯ್ತಿ."
ಸೊಕ್ಕು.

ಜೂನ್ 12
ಸೊಕ್ಕಲ್ಲ. ಪಕ್ಕದಲ್ಲಿ ಕೂತು ನೋಡಿದೆ. ಮುಖ ಸ್ಕ್ರೀನಿನ ಕಡೆ, ಕಣ್ಣು ಮಾತ್ರ ಅದರ ಅಂಚಿನಾಚೆ. ಮೆಲ್ಲಗೆ ಕೇಳಿದೆ, "ಸರ್, ಅಕ್ಷರ ಕಾಣಸ್ತಾವೇನ್ರೀ?"
ಎದ್ದು ಬಾಗಿಲು ಹಾಕಿದರು. "ನಡುವೆ ಎಲ್ಲ ಮಸುಕು. ಬದಿಯಿಂದ ಸ್ವಲ್ಪ ಕಾಣ್ತದೆ. ಬಾಗಿಗೆ ಗೊತ್ತುಂಟು. ಬೇರೆ ಯಾರಿಗೂ ಹೇಳಬೇಡ."
ಅಕ್ಷರ ದೊಡ್ಡದು ಮಾಡಿದೆ. ಸಾಲದು. ಮೂಲೆಯ ಮೈಕ್ ಗುರುತು ತೋರಿಸಿದೆ — ಹೇಳಿದ್ದನ್ನು ಬರೆದುಕೊಳ್ಳುತ್ತದೆ, ಬೇಕೆಂದರೆ ಓದಿಯೂ ಹೇಳುತ್ತದೆ. ಒಂದು ಕೇಸ್ ಹೇಳಿ ಓದಿಸಿಕೊಂಡರು. ಮತ್ತೊಮ್ಮೆ.
"ಇದು ಮೊದಲೇ ಇತ್ತಾ?" ಕೇಳಿದರು.

ಜೂನ್ 20
ಈಗ ಎಂಟ್ರಿಯೆಲ್ಲ ಅವರೇ ಮಾಡುತ್ತಾರೆ. ತುರ್ಭೆ ಮಾರ್ಕೆಟ್ಟಿನ ಹಮಾಲರು ಇವರೇ ಬೇಕೆಂದು ಕಾಯುತ್ತಾರೆ. ನನಗೆ ಖುಷಿ... ಆದರೂ ಕಣ್ಣಿನ ವಿಷಯ ಮ್ಯಾನೇಜ್‌ಮೆಂಟಿಗೆ ಹೇಳಬೇಕೆ? ಮಾತು ಕೊಟ್ಟಿದ್ದೇನೆ. ಗೊತ್ತಾಗುತ್ತಿಲ್ಲ.

ಜುಲೈ 3
ಈರವ್ವ, ವಾರ್ಡಿನಲ್ಲಿರುವ ಶುಗರ್ ಪೇಷಂಟ್. ಡಾಕ್ಟರ್ ಇನ್ಸುಲಿನ್ ಫಿಫ್ಟೀನ್ ಎಂದರು. ಸ್ಕ್ರೀನಿನಲ್ಲಿ ಬಿದ್ದದ್ದು ಫಿಫ್ಟಿ. ಓದಿಸಿ ಕೇಳಿದ್ದರು — ಗದ್ದಲದಲ್ಲಿ ಫಿಫ್ಟೀನ್ ಎಂದೇ ಕೇಳಿಸಿತು. ಬಾಗಿ ಸಿಸ್ಟರ್ ಇಂಜೆಕ್ಷನ್ ಕೊಡದೆ ಓಡಿ ಬಂದರು.
"ಐವತ್ತಾ ಡಾಕ್ಟ್ರೇ? ಜೀವ ಹೋಗ್ತದೆ!"
ಈರವ್ವನಿಗೆ ಏನೂ ಆಗಲಿಲ್ಲ. ಡಾಕ್ಟರ್ ಅದನ್ನು ಹದಿನೈದಕ್ಕೆ ತಿದ್ದಿಸಿದರು.
"ನಾ ಕಲಿಸಬಾರದಿತ್ರೀ ಸರ್..."
"ನಿನ್ನದಲ್ಲ ಮಾರಾಯ್ತಿ. ಇಳಿಯುವ ಸ್ಟೇಷನ್ ದಾಟಿದ ಮೇಲೂ ನಾನು ಕೂತೇ ಇದ್ದೆ."

ಜುಲೈ 7
ಕಣ್ಣಿನ ವಿಷಯ ಮ್ಯಾನೇಜ್‌ಮೆಂಟಿಗೆ ಡಾಕ್ಟರ್ ತಾವೇ ಹೇಳಿ, ಕೆಲಸ ಬಿಡುವುದಾಗಿ ತಿಳಿಸಿ ಬಂದರು. ನನ್ನನ್ನು ಕರೆಸಿದರು. "ಇನ್ನೊಂದು ಕಲಿಸು. ನನ್ನ ಪೇಷಂಟುಗಳನ್ನು ಬೇರೆ ಡಾಕ್ಟರ ಹೆಸರಿಗೆ ಹಾಕಲಿಕ್ಕೆ ಉಂಟಾ?"
ಉಂಟು. ಒಂದೇ ಕ್ಲಿಕ್ಕಿಗೆ ಎಲ್ಲರೂ ಹೋಗುತ್ತಾರೆ ಎಂದೆ. ಬೇಡವೆಂದರು. ಒಬ್ಬೊಬ್ಬರನ್ನೇ. ನಾನು ಹೆಸರು ಓದುವುದು, ಹೊಸದಾಗಿ ಬರುವ ಡಾಕ್ಟರ್ ಶ್ರದ್ಧಾಗೆ ಅವರು ಮೈಕಿನಲ್ಲಿ ಒಂದು ಮಾತು ಹೇಳುವುದು, ಬಿದ್ದದ್ದನ್ನು ನಾನು ಓದಿ ಖಾತ್ರಿ ಮಾಡುವುದು.
ಚನ್ನಪ್ಪ: "ನೋವಿದ್ದರೂ ಇಲ್ಲ ಅಂತಾನೆ. ಹೊಟ್ಟೆ ಒತ್ತಿ ನೋಡಿ."
ಜಯಲತಾ: "ಗಂಡನ ಎದುರು ಮಾತಾಡುವುದಿಲ್ಲ. ಒಬ್ಬಳನ್ನೇ ಒಳಗೆ ಕರೆಯಿರಿ."
ಈರವ್ವನ ಹೆಸರಿಗೆ ಕುರ್ಚಿಯನ್ನು ಮೈಕಿನ ಹತ್ತಿರ ಎಳೆದುಕೊಂಡರು. ಆಮೇಲೆ ನಿಧಾನವಾಗಿ: "ನನ್ನಿಂದ ಇವರ ಜೀವ ಹೋಗುವುದಿತ್ತು. ಇದನ್ನು ಅವರಿಗೇ ಹೇಳಿದ್ದೇನೆ."
ಮೈಕ್ ಆಫ್ ಮಾಡಿದೆ. ಆಕೆ ಏನೆಂದಳು ಎಂದು ಕೇಳಿದೆ.
"'ಇರ್ಲಿ ಬಿಡ್ರೀ, ಉಂಡೀರೇನು?' ಅಂದಳು."
ಬರೆದದ್ದು ಸರಿ ಉಂಟಾ ಓದು ಎಂದರು. ಓದತೊಡಗಿದೆ. ಎರಡೂ ಸಾಲು ಮುಗಿಸಿ "ಸರಿ ಐತ್ರೀ ಸರ್" ಎಂದೆ.