ಕಡಲಿಗಿಳಿದ ಅರಿಶಿನದ ಕೊಂಬು

ರೀ,

ಮೊದಲ ಸಲ ಗ್ಯಾಲ್ವೆಸ್ಟನ್ ಬಂದರಿನಲ್ಲಿ ಕ್ರೂಸ್ ಹಡಗು ಹತ್ತಿ ಕೊಸುಮೆಲ್ ದ್ವೀಪಕ್ಕೆ ಹೋದದ್ದು ನೆನಪಿದೆಯಾ? ಬಾಡಿಗೆ ಜೀಪಿನಲ್ಲಿ ದ್ವೀಪವೆಲ್ಲ ಸುತ್ತಿಸಿದಿರಿ, ಲೈಟ್‌ಹೌಸ್ ಹತ್ತಿಸಿದಿರಿ, ಮಾಯಾ ಜನರ ಹಳೆಯ ಗುಡಿಯ ಮುಂದೆ ಬಿಸಿಲಲ್ಲಿ ನಿಲ್ಲಿಸಿ ಫೋಟೊ ತೆಗೆದಿರಿ. ಒಂದರಲ್ಲೂ ನನ್ನ ಕಣ್ಣು ತೆರೆದಿಲ್ಲ. ಮೂಲೆಯಲ್ಲಿ ನಿಮ್ಮ ಬೆರಳು ಬೇರೆ. ಆಗ ಬೈದಿದ್ದೆ. ಈಗ ಆ ಬೆರಳನ್ನೇ ನೋಡುತ್ತಾ ಕೂರುತ್ತೇನೆ.

ಮೀನು ನೋಡಲು ನೀರಿಗಿಳಿಯುವ ಹೊತ್ತಿಗೆ ತಾನೇ ನಮ್ಮ ಜಗಳ ಶುರುವಾದದ್ದು? ಹೊಳೆಯುವ ಒಡವೆ ಕಂಡರೆ ದೊಡ್ಡ ಮೀನು ಬಾಯಿ ಹಾಕುತ್ತದೆ, ಎಲ್ಲ ಬಿಚ್ಚಿಡಿ ಎಂದ ಗೈಡ್. ಬಳೆ, ಓಲೆ ಬಿಚ್ಚಿಕೊಟ್ಟೆ. ಮಾಂಗಲ್ಯಕ್ಕೆ ಮಾತ್ರ ಕೈ ಹೋಗಲಿಲ್ಲ.

"ಅರ್ಧ ಗಂಟೆ ತೆಗೆದ್ರೆ ನನಗೇನೂ ಆಗಲ್ಲ ಕಣೇ."

"ನಿಮ್ಮ ಮೀನು ನೀವೇ ನೋಡ್ಕೊಂಡು ಬನ್ನಿ. ನಾನು ಬಿಚ್ಚಲ್ಲ."

ನೀವೂ ಇಳಿಯಲಿಲ್ಲ. ಈಜುವ ಮಾಸ್ಕನ್ನು ಹಣೆಗೇರಿಸಿಕೊಂಡು, ನನ್ನ ಪಕ್ಕ ಮರಳಲ್ಲಿ ಕೂತು ಎಳನೀರು ಕುಡಿದಿರಿ. ಅಷ್ಟು ದೂರ ಹೋಗಿ ಹಾಗೆ ಸುಮ್ಮನೆ ಕೂರಲು ನಿಮಗೆ ಹೇಗಾದರೂ ಮನಸ್ಸು ಬಂತು...

ಮಿಸೌರಿ ಸಿಟಿಯ ಮನೆಗೆ ಮರಳಿದ ಮೇಲೆ ಒಂದು ಶನಿವಾರ, ದಿನಸಿ ಚೀಲದಿಂದ ಅರಿಶಿನದ ಕೊಂಬು ತೆಗೆದು ನನ್ನ ಮುಂದಿಟ್ಟಿರಿ. ತಾಳಿ ಸರ ರಿಪೇರಿಗೆ ಹೋದಾಗ ನಿಮ್ಮಮ್ಮ ದಾರಕ್ಕೆ ಕೊಂಬು ಕಟ್ಟಿಕೊಳ್ಳುತ್ತಿದ್ದದ್ದು ನೆನಪಾಯಿತಂತೆ. "ಇದು ಹೊಳೆಯಲ್ಲ. ಮುಂದಿನ ಸಲ ಇದನ್ನ ಕಟ್ಕೊಂಡು ಇಳಿ. ಮೀನೂ ಬರಲ್ಲ, ನಾನೂ ಗಟ್ಟಿಯಾಗಿರ್ತೀನಿ," ಎಂದು ನಕ್ಕಿರಿ. ಅರಿಶಿನ ಹಚ್ಚಿದ ದಾರಕ್ಕೆ ಕಟ್ಟಿ ಈಜುಬಟ್ಟೆಯ ಚೀಲದಲ್ಲಿ ಇಟ್ಟೆ. ಆ ಮುಂದಿನ ಸಲ ಬರುವಷ್ಟರಲ್ಲಿ ನಿಮ್ಮ ಹೃದಯ... ಇರಲಿ, ಅದನ್ನು ನಿಮಗೇ ಹೇಳಲೇ?

ಹೋದ ವಾರ ನಮ್ಮ ಶ್ರೇಯಾ ಹಟ ಹಿಡಿದು ನನ್ನನ್ನು ಮತ್ತೆ ಅದೇ ದಡಕ್ಕೆ ಕರೆದುಕೊಂಡು ಹೋದಳು. ಗೈಡ್ ನನ್ನ ಬರಿಗೊರಳು ನೋಡಿ, "ನೋ ಜ್ಯುವೆಲ್ರಿ? ಪರ್ಫೆಕ್ಟ್!" ಎಂದ. ಪಾಪ, ಅವನಿಗೇನು ಗೊತ್ತು? ನಾನು ಮರಳಲ್ಲೇ ಕೂತುಬಿಟ್ಟೆ. ನೀವು ಬೇಕಾಗಿತ್ತು ಕಣ್ರೀ. ಪಕ್ಕದಲ್ಲಿ ಕೂತು ಎಳನೀರು ಕುಡಿದಿದ್ದರೂ ಸಾಕಾಗಿತ್ತು.

ಚೀಲದ ತಳದಲ್ಲಿ ಕೊಂಬು ಹಾಗೇ ಇತ್ತು. ಶ್ರೇಯಾಳ ಕೈಗಿತ್ತು, ಹಿಂದಿನಿಂದ ಗಂಟು ಹಾಕು ಎಂದೆ.

"ಅಮ್ಮಾ, ಆರ್ ಯು ಶೂರ್? ವಾಟ್ ವಿಲ್ ದಿ ಆಂಟೀಸ್ ಸೇ?"

"ಅವರೇನು ಇಲ್ಲಿ ಈಜ್ತಿದಾರಾ? ಕಟ್ಟೇ ಸುಮ್ನೆ."

ಅವಳು ನನ್ನ ಕೂದಲನ್ನು ಪಕ್ಕಕ್ಕೆ ಸರಿಸಿದಳು. ಗಂಟು ಗಟ್ಟಿಯಾಗಿಯೇ ಹಾಕಿದಳು.

ಇಳಿದೆ ರೀ. ನೀರಿನಲ್ಲಿ ಮುಖವಿಟ್ಟು ಕಣ್ಣು ತೆರೆದೆ. ನೀಲಿ ಮೀನು, ಹಳದಿ ಮೀನು, ನಿಮ್ಮಂತೆಯೇ ಯಾವ ಅವಸರವೂ ಇಲ್ಲದ ಒಂದು ಆಮೆ. ಮಾಸ್ಕಿನೊಳಗೆ ಅತ್ತರೆ ಒರೆಸಿಕೊಳ್ಳಲು ಆಗುವುದಿಲ್ಲ ಎಂದು ನೀವು ಹೇಳಿರಲೇ ಇಲ್ಲವಲ್ಲ?

ಹಡಗಿಗೆ ಬಂದು ಕನ್ನಡಿ ನೋಡಿಕೊಂಡರೆ ಕೊರಳ ಸುತ್ತ ತೆಳುವಾದ ಹಳದಿ ಗೆರೆ. ಸೋಪು ಹಚ್ಚಲಿಲ್ಲ. ಕೊಂಬನ್ನು ಒಣಗಿಸಿ ಅದೇ ಚೀಲದಲ್ಲಿ ಇಟ್ಟಿದ್ದೇನೆ. ಮುಂದಿನ ವರ್ಷವೂ ಕಟ್ಟಿಕೊಂಡು ಇಳಿಯುತ್ತೇನೆ. ನೀವು ಹೇಳಿದಂತೆ ಯಾವ ದೊಡ್ಡ ಮೀನೂ ಹತ್ತಿರ ಬರಲಿಲ್ಲ. ನಿಮ್ಮ ಮಾತಿನಲ್ಲಿ ಅರ್ಧ ನಿಜವಾಯಿತು.

ನಿಮ್ಮ,
ಜಯಾ